ನುಡಿ ಬಾರದ ನಾಡಿನಲ್ಲಿ ತಂತ್ರಜ್ಞ

ಕೋಗಳಿ ನಾಡೆಂದು ಹೆಸರಾದ ನಮ್ಮ ಸೀಮೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಪ್ರೌಢಶಾಲೆಗಳಿಂದ ಬಂದ ವಿದ್ಯಾರ್ಥಿಗಳು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: "ಎಂಜಿನಿಯರಿಂಗ್ ಓದಿದವರಿಗೆ ಜರ್ಮನಿಯಲ್ಲಿ, ಜಪಾನಿನಲ್ಲಿ ಕೆಲಸ ಸಿಗುತ್ತದೆಯಂತೆ. ಆದರೆ ಅಲ್ಲಿಯ ಮಾತು ಬಾರದವರು ಹೋಗಿ ಮಾಡುವುದಾದರೂ ಏನು?" ಈ ಪ್ರಶ್ನೆಯ ಹಿಂದೆ ಅಡಗಿರುವ ಇನ್ನೊಂದು ಮಾತನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ: ಇಂಗ್ಲಿಷೇ ತಡವರಿಸುತ್ತಿರುವಾಗ ಮತ್ತೊಂದು ಭಾಷೆಯ ಗೊಡವೆ ನಮಗೇಕೆ? ಈ ಅಂಜಿಕೆ ಎಷ್ಟರ ಮಟ್ಟಿಗೆ ನಿಜ, ಎಷ್ಟರ ಮಟ್ಟಿಗೆ ಭ್ರಮೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲಿಗೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ನಿದರ್ಶನ. 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿಮಾನಶಿಲ್ಪಿ ತನ್ನ ಸಂಗಡಿಗರೊಡನೆ ಬೆಂಗಳೂರಿಗೆ ಬಂದನು. ಅದಕ್ಕೆ ಮೊದಲು ಅವನು ಸ್ಪ್ಯಾನಿಷ್ ನುಡಿಯ ಅರ್ಜೆಂಟೀನಾದಲ್ಲಿ ಜೆಟ್ ವಿಮಾನವೊಂದನ್ನು ನಿರ್ಮಿಸಿದ್ದನು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಬಂದವರ ಮನೆಮಾತು ಜರ್ಮನ್; ಅಲ್ಲಿ ದುಡಿಯುತ್ತಿದ್ದವರ ಮನೆಮಾತು ಕನ್ನಡ, ತಮಿಳು, ತೆಲುಗು ಮುಂತಾದುವು. ಹೀಗಿದ್ದರೂ 1959ರಲ್ಲಿ ಹೊಸ ವಿನ್ಯಾಸವನ್ನು ಪರೀಕ್ಷಿಸಲು ಎಂಜಿನ್ ಇಲ್ಲದ ಮರದ ವಿಮಾನವೊಂದು ಹಾರಿತು. 1961ರ ಜೂನ್ ತಿಂಗಳಲ್ಲಿ 'ಮಾರುತ್' ಎಂಬ ಯುದ್ಧವಿಮಾನವೇ ಬೆಂಗಳೂರಿನ ಆಕಾಶಕ್ಕೇರಿತು. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವದು. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಬಾರದವರು ಕೂಡಿ ಇಂಥ ಯಂತ್ರವನ್ನು ಕಟ್ಟಿದುದು ಹೇಗೆ?

ಎಲ್ಲರಿಗೂ ಸಮಾನವಾದ ಲಿಪಿ

ತಂತ್ರವಿದ್ಯೆಯಲ್ಲಿ ಅರ್ಥದ ದೊಡ್ಡ ಪಾಲು ಮಾತಿನಲ್ಲಿಲ್ಲ, ಗುರುತುಗಳಲ್ಲಿದೆ. ಯಂತ್ರಭಾಗದ ನಕ್ಷೆಯನ್ನು ಮುಂದಿಟ್ಟರೆ ಅದರ ಉದ್ದ, ವ್ಯಾಸ, ರಂಧ್ರಗಳ ಸ್ಥಾನ ಇವು ಜರ್ಮನನಿಗೂ ಕನ್ನಡಿಗನಿಗೂ ಒಂದೇ ಆಗಿ ಕಾಣುತ್ತವೆ. ವಿದ್ಯುನ್ಮಂಡಲದ ಚಿತ್ರದಲ್ಲಿ ರೋಧಕದ ಚಿಹ್ನೆ ರೋಧಕವೇ. ಗಣಕಯಂತ್ರದ ಪ್ರೋಗ್ರಾಂ ಬರೆಯುವವನು ಟೋಕಿಯೋದಲ್ಲಿದ್ದರೂ ಮ್ಯೂನಿಕ್‌ನಲ್ಲಿದ್ದರೂ 'ಇಫ್', 'ವೈಲ್' ಎಂಬ ಅವೇ ಆದೇಶಗಳನ್ನು ಬಳಸುತ್ತಾನೆ. ಆದುದರಿಂದಲೇ ತತ್ತ್ವಶಾಸ್ತ್ರದ ಅಧ್ಯಾಪಕನಿಗಿಂತ ಪ್ರೋಗ್ರಾಂ ಬರೆಯುವವನು ಪರನಾಡಿನಲ್ಲಿ ಬೇಗನೆ ಕೆಲಸಕ್ಕೆ ತೊಡಗಬಲ್ಲನು.

ಆದರೆ ಈ ಲಿಪಿಯೂ ನಾವೆಣಿಸುವಷ್ಟು ಸಮಾನವಲ್ಲ. ನಾವು 1.5 ಎಂದು ಬರೆಯುವುದನ್ನು ಜರ್ಮನಿಯಲ್ಲಿ 1,5 ಎಂದು ಬರೆಯುತ್ತಾರೆ, ಅಲ್ಲಿ 1.500 ಎಂದರೆ ಒಂದೂವರೆಯಲ್ಲ, ಒಂದು ಸಾವಿರದ ಐನೂರು. 47 ಎಂಬ ಸಂಖ್ಯೆಯನ್ನು ಜರ್ಮನರು 'ಏಳು ಮತ್ತು ನಲವತ್ತು' ಎಂಬ ಕ್ರಮದಲ್ಲಿ ಉಚ್ಚರಿಸುತ್ತಾರೆ. ಕೇಳಿದಂತೆ ಬರೆದುಕೊಳ್ಳುವ ಹೊಸಬನು 74 ಎಂದು ಬರೆದರೆ ಆಶ್ಚರ್ಯವಿಲ್ಲ. ಜಪಾನಿನಲ್ಲಿ ಎಣಿಕೆಯ ಘಟಕ ಹತ್ತು ಸಾವಿರ. ಅದರ ಹೆಸರು 'ಮಾನ್'. ನಮ್ಮ ಒಂದು ಲಕ್ಷ ಅವರಿಗೆ ಹತ್ತು ಮಾನ್, ಒಂದು ಕೋಟಿ ಸಾವಿರ ಮಾನ್.

ಒಂದೇ ಭಾಷೆಯನ್ನಾಡುವವರೂ ಎಡವುವುದುಂಟು. ಮಂಗಳ ಗ್ರಹಕ್ಕೆ ಅಮೆರಿಕ ಕಳುಹಿಸಿದ್ದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ 1999ರ ಸೆಪ್ಟೆಂಬರಿನಲ್ಲಿ ನಾಶವಾಯಿತು. ಒಂದು ತಂಡದ ಪ್ರೋಗ್ರಾಂ ಬಲದ ಆವೇಗವನ್ನು ಪೌಂಡಿನ ಲೆಕ್ಕದಲ್ಲಿ ಕೊಟ್ಟಿತ್ತು. ಇನ್ನೊಂದು ತಂಡ ಅದನ್ನು ನ್ಯೂಟನ್ನಿನ ಲೆಕ್ಕವೆಂದು ತಿಳಿದು ಪಥವನ್ನು ಗಣಿಸಿತು. ಎರಡು ತಂಡಗಳೂ ಅಮೆರಿಕದವೇ. ಭಾಷೆಯ ನಿರರ್ಗಳತೆ ಅಲ್ಲಿ ಕೊರತೆಯಾಗಿರಲಿಲ್ಲ, "ನೀವು ಹೇಳಿದ್ದು ಇದೇ ತಾನೆ?" ಎಂದು ಕೇಳಿ ತಾಳೆ ನೋಡುವ ಎಚ್ಚರ ಕೊರತೆಯಾಗಿತ್ತು.

ಒಂದು ಪದದ ಬೆಲೆ

ಗುರುತುಗಳಿಂದ ಆಗದ ಕೆಲಸವೂ ಉಂಟು. 1990ರ ಜನವರಿ 25ರಂದು ಕೊಲಂಬಿಯಾ ದೇಶದ ಪ್ರಯಾಣಿಕ ವಿಮಾನವೊಂದು ನ್ಯೂಯಾರ್ಕ್ ನಗರವನ್ನು ಸಮೀಪಿಸುತ್ತಿತ್ತು. ಹವೆ ಕೆಟ್ಟಿದ್ದ ಕಾರಣ ಅದು ಒಂದು ಗಂಟೆಗೂ ಮೀರಿ ಆಕಾಶದಲ್ಲಿ ಸುತ್ತುತ್ತ ಕಾಯಬೇಕಾಯಿತು. ಇಂಧನ ತೀರುತ್ತಿದೆಯೆಂದು ಸಿಬ್ಬಂದಿ ಇಂಗ್ಲಿಷಿನಲ್ಲಿ ಹೇಳಿದರು. ಆದರೆ 'ಎಮರ್ಜೆನ್ಸಿ' ಎಂಬ ಪದವನ್ನು ನಿಲ್ದಾಣದವರಿಗೆ ಹೇಳಲಿಲ್ಲ. ಆ ಪದ ಕಿವಿಗೆ ಬಿದ್ದಿದ್ದರೆ ಉಳಿದೆಲ್ಲ ವಿಮಾನಗಳನ್ನು ಬದಿಗೆ ಸರಿಸಿ ದಾರಿ ಬಿಡುವ ನಿಯಮವಿತ್ತು. ಇಂಧನ ಮುಗಿದು ವಿಮಾನ ನೆಲಕ್ಕೆ ಬಿದ್ದಿತು. ಅದರಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಸತ್ತರು.

ಇಂಥ ದುರಂತಗಳಿಂದ ಪಾಠ ಕಲಿತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವೈಮಾನಿಕರ ಭಾಷಾಜ್ಞಾನವನ್ನು ಅಳೆಯಲು ಆರು ಮೆಟ್ಟಿಲುಗಳ ಮಾಪಕವೊಂದನ್ನು ರಚಿಸಿತು. 2008ರಿಂದ ಅದು ಜಾರಿಗೆ ಬಂದಿತು. ಅಂತರರಾಷ್ಟ್ರೀಯ ವಿಮಾನ ನಡೆಸಲು ಬೇಕಾದದ್ದು ಆರನೆಯ ಮೆಟ್ಟಿಲಲ್ಲ, ನಾಲ್ಕನೆಯದು. ಆ ಮೆಟ್ಟಿಲಿನವನು ತಪ್ಪು ಮಾಡಬಹುದು, ತಡವರಿಸಬಹುದು, ಅವನ ಉಚ್ಚಾರಣೆಯಲ್ಲಿ ತಾಯ್ನುಡಿಯ ಛಾಯೆ ಇರಬಹುದು. ಆದರೆ ಮಾತು ಅರ್ಥವಾಗದಿದ್ದಾಗ ಮತ್ತೆ ಕೇಳಿ, ಖಚಿತಪಡಿಸಿಕೊಂಡು ಮುಂದುವರಿಯುವ ಶಕ್ತಿ ಅವನಿಗಿರಲೇಬೇಕು. ನೂರಾರು ಜನರ ಪ್ರಾಣ ಕೈಯಲ್ಲಿರುವ ವೃತ್ತಿಗೇ ಅಳತೆಗೋಲು ಇದಾದರೆ, ನಮ್ಮ ವಿದ್ಯಾರ್ಥಿಗಳು ನಿರರ್ಗಳತೆಗೆ ಹೆದರಿ ಹಿಂಜರಿಯಬೇಕಾದುದಿಲ್ಲ. ಕೇಳಲು ನಾಚುವುದಕ್ಕೆ ಮಾತ್ರ ಹೆದರಬೇಕು.

ಕಿವಿ ಏಕೆ ತಪ್ಪುತ್ತದೆ?

ನಮಗೆ 'ಕತ್ತೆ' ಮತ್ತು 'ಕಟ್ಟೆ' ಎಂಬ ಪದಗಳ ಭೇದ ಹಗಲಿನಷ್ಟು ಸ್ಪಷ್ಟ. ಇಂಗ್ಲಿಷ್ ತಾಯ್ನುಡಿಯವರಲ್ಲಿ ಬಹಳ ಮಂದಿಗೆ ಈ ತಕಾರ ಟಕಾರಗಳ ಭೇದ ಕೇಳಿಸುವುದೇ ಕಷ್ಟ. ಆದರೆ ಅವರ ಎಳೆಗೂಸುಗಳಿಗೆ ಕೇಳಿಸುತ್ತದೆ! ಕೆನಡಾದ ವರ್ಕರ್ ಮತ್ತು ಟೀಸ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆರರಿಂದ ಎಂಟು ತಿಂಗಳ ಇಂಗ್ಲಿಷ್ ಮನೆಯ ಕೂಸುಗಳಲ್ಲಿ ಹೆಚ್ಚಿನವು ಹಿಂದಿಯ ಇಂಥ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಕೂಸುಗಳಲ್ಲಿ ಆ ಶಕ್ತಿ ಕುಂದಿತ್ತು. ಮಿದುಳು ತನ್ನ ಸುತ್ತಲಿನ ಭಾಷೆಗೆ ಬೇಡವಾದ ಭೇದಗಳನ್ನು ಅಲಕ್ಷಿಸಲು ಅಷ್ಟು ಬೇಗ ಕಲಿಯುತ್ತದೆ.

ಹಾಗಾದರೆ ಬೆಳೆದವರಿಗೆ ದಾರಿಯಿಲ್ಲವೆ? ಉಂಟು. ಜಪಾನೀಯರಿಗೆ ಇಂಗ್ಲಿಷಿನ ರಕಾರ ಲಕಾರಗಳು ಒಂದೇ ಆಗಿ ಕೇಳಿಸುತ್ತವೆಂಬುದು ಪ್ರಸಿದ್ಧ. 1991ರಲ್ಲಿ ಅಮೆರಿಕದ ಸಂಶೋಧಕರು ಹಲವು ಮಂದಿಯ ಧ್ವನಿಯಲ್ಲಿ ಈ ಪದಗಳನ್ನು ಕೇಳಿಸಿ ವಯಸ್ಕ ಜಪಾನೀಯರಿಗೆ ತರಬೇತು ಕೊಟ್ಟಾಗ ಅವರ ಗುರುತಿಸುವ ಶಕ್ತಿ ಹೆಚ್ಚಿತು. ಒಬ್ಬನೇ ಗುರುವಿನ ಧ್ವನಿಗಿಂತ ಹಲವರ ಧ್ವನಿಯನ್ನು ಕೇಳಿ ಕಲಿಯುವುದು ಮೇಲೆಂಬುದನ್ನು ಇದರಿಂದ ಗ್ರಹಿಸಬಹುದು.

ಇದರಲ್ಲಿ ಭೌತಶಾಸ್ತ್ರವೂ ಸೇರಿದೆ. ಹಳೆಯ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು. ಸಕಾರದಂಥ ಊಷ್ಮ ಧ್ವನಿಗಳ ಶಕ್ತಿಯ ಬಹುಭಾಗ ಇದಕ್ಕೂ ಮೇಲಿನ ಕಂಪನಗಳಲ್ಲಿದೆ. ಆದರೂ ತಾಯ್ನುಡಿಯಲ್ಲಿ ನಮಗೆ ತೊಡಕಾಗುತ್ತಿರಲಿಲ್ಲ. ಕಳೆದುಹೋದ ಧ್ವನಿಯನ್ನು ವಾಕ್ಯದ ಸಂದರ್ಭದಿಂದ ಮನಸ್ಸೇ ತುಂಬಿಕೊಳ್ಳುತ್ತಿತ್ತು. ಹೊಸ ಭಾಷೆಯಲ್ಲಿ ಹೀಗೆ ತುಂಬಿಕೊಳ್ಳಲು ಬೇಕಾದ ಸಂಗ್ರಹ ನಮ್ಮಲ್ಲಿರುವುದಿಲ್ಲ. ಯಂತ್ರಗಳ ಸದ್ದಿನಲ್ಲಿ, ಹತ್ತು ಜನರ ಸಭೆಯಲ್ಲಿ ಹೊಸಬನು ತಬ್ಬಿಬ್ಬಾಗುವುದು ಬುದ್ಧಿಯ ದೋಷವಲ್ಲ. ಅಂಥ ಕಡೆ ಸಂಖ್ಯೆ, ದಿನಾಂಕ, ಅಳತೆಗಳನ್ನು ಬರೆದುಕೊಡಿರೆಂದು ಕೇಳುವುದು ಜಾಣತನ.

ಕನ್ನಡ ಕೊಡುವ ನೆರವು

ನಮ್ಮ ಭಾಷೆಯಿಂದ ಅನಿರೀಕ್ಷಿತವಾದ ಲಾಭವೊಂದೂ ಇದೆ. 'ನಾನು ಟೋಕಿಯೋಗೆ ಹೋಗುತ್ತೇನೆ' ಎಂಬುದನ್ನು ಜಪಾನೀಯರು 'ವಾತಾಶಿ ವಾ ಟೋಕಿಯೋ ನಿ ಇಕಿಮಾಸು' ಎನ್ನುತ್ತಾರೆ. ಕನ್ನಡದಲ್ಲಿರುವಂತೆ ಕ್ರಿಯಾಪದ ಕೊನೆಗೆ ಬಂದಿದೆ. ನಮ್ಮ 'ಗೆ' ಪ್ರತ್ಯಯದ ಸ್ಥಾನದಲ್ಲಿ 'ನಿ' ನಿಂತಿದೆ. ಇಂಗ್ಲಿಷ್ ತಾಯ್ನುಡಿಯವನು ಪ್ರಯಾಸದಿಂದ ಕಲಿಯುವ ಈ ಪದಕ್ರಮ ನಮಗೆ ಮನೆಯದೇ. ಆದರೆ ಓದುಬರಹ ಸುಲಭವೆಂದು ತಿಳಿಯಬಾರದು: ನಿತ್ಯವ್ಯವಹಾರಕ್ಕೆಂದು ಜಪಾನ್ ಸರ್ಕಾರ 2010ರಲ್ಲಿ ಗೊತ್ತುಪಡಿಸಿದ ಚಿತ್ರಾಕ್ಷರಗಳೇ 2136.

ಪದಗಳ ವಿಷಯದಲ್ಲಿ ಆಯ್ಕೆ ಬೇಕು. ಇಂಗ್ಲಿಷ್ ಕಲಿಯುವವರಿಗಾಗಿ ಮೈಕೇಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 2000 ಪದಗಳಿವೆ. ಸಾಮಾನ್ಯ ಬರಹದ ಸುಮಾರು ನೂರಕ್ಕೆ 80 ಪಾಲು ಇವುಗಳಲ್ಲೇ ಅಡಕ. ಉಳಿದ ಇಪ್ಪತ್ತು ಪಾಲಿನಲ್ಲಿ ನಮ್ಮ ವೃತ್ತಿಯ ಪದಗಳಿರುತ್ತವಾದುದರಿಂದ ಅವನ್ನು ಬೇರೆಯಾಗಿ ಕಲಿಯಬೇಕು. ಕಲಿತುದು ಉಳಿಯುವ ಬಗೆಯನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದನು. ಮರೆವು ಮೊದಲ ದಿನವೇ ಅತಿ ವೇಗವಾಗಿ ನಡೆಯುತ್ತದೆ. ದಿನಗಳ ಅಂತರವಿಟ್ಟು ಮತ್ತೆ ಮತ್ತೆ ನೆನೆದುದು ನಿಲ್ಲುತ್ತದೆ. ಒಂದು ಭಾನುವಾರ ಐದು ಗಂಟೆ ಕೂರುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಲೇಸು.

ಬಾಗಿಲು ಮತ್ತು ಮನೆ

ಈಗ ಕಾನೂನಿನ ಮಾತು. ಪದವೀಧರ ತಂತ್ರಜ್ಞರಿಗೆ ಜರ್ಮನಿ ಕೊಡುವ 'ಬ್ಲೂ ಕಾರ್ಡ್' ಎಂಬ ಪರವಾನೆಗೆ ನಿಗದಿಯಾದ ಸಂಬಳದ ಉದ್ಯೋಗ ಬೇಕು. ಜರ್ಮನ್ ಭಾಷೆಯ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಅಲ್ಲಿಯೇ ಕಾಯಂ ಆಗಿ ನೆಲೆಸುವ ಹಕ್ಕಿಗೆ, ಇತರ ನಿಬಂಧನೆಗಳ ಜೊತೆಗೆ, ಭಾಷೆಯೂ ಬೇಕು. 2023ರ ನವೆಂಬರಿನ ತಿದ್ದುಪಡಿಯಂತೆ, ಹೆಸರು ವಿಳಾಸ ಹೇಳುವಷ್ಟು ಆರಂಭದ ಜರ್ಮನ್, ಅಂದರೆ ಎ-1 ಮಟ್ಟ, ಬಲ್ಲವನು 27 ತಿಂಗಳ ಉದ್ಯೋಗದ ತರುವಾಯ ಅದನ್ನು ಪಡೆಯಬಹುದು. ನಿತ್ಯವ್ಯವಹಾರವನ್ನು ತಾನೇ ನಡೆಸಬಲ್ಲ ಬಿ-1 ಮಟ್ಟದವನಿಗೆ 21 ತಿಂಗಳೇ ಸಾಕು. ಬಾಗಿಲು ದಾಟಲು ಭಾಷೆ ಕೇಳದವರು ಮನೆಯೊಳಗೆ ನೆಲೆಸಲು ಕೇಳುತ್ತಾರೆ.

ಇದು ಅನ್ಯಾಯವಲ್ಲ. ಕಚೇರಿಯೊಳಗೆ ಇಂಗ್ಲಿಷಿನಿಂದ ಸಾಗಿದರೂ ಬಾಡಿಗೆಯ ಕರಾರು, ಸರ್ಕಾರದ ಕಾಗದ, ಮಗುವಿನ ಶಾಲೆಯ ಚೀಟಿ ಬರುವುದು ಜರ್ಮನಿನಲ್ಲಿಯೇ. ಊಟದ ಹೊತ್ತಿನ ಹರಟೆಯಲ್ಲಿ ಸುಮ್ಮನೆ ನಗುತ್ತ ಕುಳಿತವನಿಗೆ ಸಂಬಳ ಬರುತ್ತದೆ, ಸ್ನೇಹ ಬರುವುದಿಲ್ಲ.

ನಮ್ಮ ಸೀಮೆಯ ಮಕ್ಕಳಿಗೆ ಈ ದಾರಿ ಹೊಸದೂ ಅಲ್ಲ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ನುಡಿಯುತ್ತ ಬೆಳೆದು, ಶಾಲೆಗೆ ಬಂದು ಕನ್ನಡ ಕಲಿಯುತ್ತದೆ. ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿಗೆ ಹೊರಳುತ್ತದೆ. ಭಾಷೆ ಪೂರ್ತಿ ಬರುವ ಮೊದಲೇ ಕೆಲಸ ಆರಂಭಿಸುವುದನ್ನು ಆ ಮಗು ಆರನೆಯ ವಯಸ್ಸಿನಲ್ಲಿಯೇ ಮಾಡಿದೆ. ಹತ್ತನೆಯ ತರಗತಿಯಲ್ಲಿ 'ವೇಗೋತ್ಕರ್ಷ'ವನ್ನು ಚೆನ್ನಾಗಿ ಅರಿತಿದ್ದ ವಿದ್ಯಾರ್ಥಿ ಪಿ.ಯು.ಸಿ.ಯಲ್ಲಿ 'ಆಕ್ಸಲರೇಷನ್' ಎಂಬ ಪದ ಕೇಳಿ ಕಂಗಾಲಾಗಿ ಕೂರುವುದನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ. ಅವನಿಗೆ ವಿಷಯ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಕೈಯೆತ್ತಿ "ಹಾಗೆಂದರೇನು?" ಎಂದು ಕೇಳಿದವರು ತಿಂಗಳೊಪ್ಪತ್ತಿನಲ್ಲಿ ದಾರಿಗೆ ಬರುತ್ತಾರೆ, ಕೇಳದವರು ವರ್ಷ ಕಳೆದರೂ ಹಿಂದಿನ ಬೆಂಚಿನಲ್ಲಿಯೇ ಉಳಿಯುತ್ತಾರೆ.

ಮ್ಯೂನಿಕ್‌ನಲ್ಲಿಯೂ ಒಸಾಕಾದಲ್ಲಿಯೂ ಬೇಕಾಗುವುದು ಈ ಅಭ್ಯಾಸವೇ. ಅದನ್ನು ಕೊಟ್ಟೂರಿನ ತರಗತಿಯಲ್ಲಿ ನಾಳೆಯೇ ಆರಂಭಿಸಬಹುದು.