ಕಲಾಕೃತಿಗಳ ವೈದ್ಯರು

ಹಳೆಯ ಚಿತ್ರಗಳಿಗೆ ಬಿಸಿಲು, ತೇವ, ಹುಳು ಇವುಗಳಿಂದ ಹಾನಿಯುಂಟೆಂಬುದನ್ನು ಎಲ್ಲರೂ ಬಲ್ಲರು. ಆದರೆ ಚಿತ್ರವನ್ನು ಉಳಿಸಬೇಕೆಂಬ ಸದುದ್ದೇಶದಿಂದಲೂ ಹಾನಿಯಾಗುವುದುಂಟು. ಅಜಂತೆಯ ಭಿತ್ತಿಚಿತ್ರಗಳನ್ನೇ ನೋಡೋಣ. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ ಸರಕಾರವು ಅವುಗಳ ರಕ್ಷಣೆಗೆಂದು ಇಟಲಿಯಿಂದ ಇಬ್ಬರು ನಿಪುಣರನ್ನು ಕರೆಯಿಸಿತು. ಕಳಚಿ ಬೀಳುತ್ತಿದ್ದ ಗಾರೆಯನ್ನು ಅವರು ಗೋಡೆಗೆ ಭದ್ರಪಡಿಸಿದರು. ಅದು ಉಪಕಾರವೇ ಸರಿ. ಆದರೆ ಬಣ್ಣದ ಮೇಲೆ ಬಳಿದ ಅರಗಿನ ವಾರ್ನಿಷು ಕಾಲಕ್ರಮದಲ್ಲಿ ಹಳದಿಗಟ್ಟಿ ಚಿತ್ರಗಳನ್ನೇ ಮಸುಕುಗೊಳಿಸಿತು. ಅದನ್ನು ತೆಗೆಯಲು ಪುರಾತತ್ತ್ವ ಇಲಾಖೆಯ ರಸಾಯನಜ್ಞರು ಮುಂದೆ ಬಹುಕಾಲ ಶ್ರಮಿಸಬೇಕಾಯಿತು.

ಆದುದರಿಂದಲೇ ಇಂದಿನ ಸಂರಕ್ಷಕನು ಒಂದು ನಿಯಮವನ್ನು ಸದಾ ನೆನಪಿನಲ್ಲಿಡುತ್ತಾನೆ: ಇಂದು ಹಚ್ಚಿದುದನ್ನು ನಾಳೆ ಮೂಲಕ್ಕೆ ಊನವಾಗದಂತೆ ತೆಗೆಯಲು ಸಾಧ್ಯವಾದಷ್ಟೂ ಅವಕಾಶವಿರಬೇಕು. ವೈದ್ಯನಂತೆ ಅವನೂ ಮೊದಲು ಪರೀಕ್ಷಿಸುತ್ತಾನೆ, ಅನಂತರವೇ ಕೈಯಿಡುತ್ತಾನೆ. ಇಲ್ಲಿ ನಮ್ಮ ಭೌತವಿಜ್ಞಾನ ನೆರವಿಗೆ ಬರುತ್ತದೆ. ಸೀಸದ ಬಿಳಿ ಬಣ್ಣವು ಕ್ಷ-ಕಿರಣಗಳನ್ನು ತಡೆಯುವುದರಿಂದ ಚಿತ್ರದೊಳಗಿನ ತಿದ್ದುಪಡಿಗಳು ಗೋಚರಿಸುತ್ತವೆ. ಅನೇಕ ಬಣ್ಣಗಳ ಮೂಲಕ ಹಾಯ್ದುಹೋಗುವ ಅವಕೆಂಪು ಕಿರಣಗಳನ್ನು ಇಂಗಾಲದ ಕಪ್ಪು ಹೀರಿಕೊಳ್ಳುವುದರಿಂದ, ಕಲಾವಿದನು ಮೊದಲು ಬರೆದ ರೇಖೆಗಳು ಕಾಣಿಸಿಕೊಳ್ಳುತ್ತವೆ. ಕಾಗದ, ಬಟ್ಟೆಗಳಂತಹ ಸೂಕ್ಷ್ಮ ವಸ್ತುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬ ಎಚ್ಚರಿಕೆಯೂ ಬೆಳಕಿನ ಅಧ್ಯಯನದಿಂದಲೇ ಬಂದುದು.

ನಮ್ಮ ಮನೆಗಳಲ್ಲಿಯೂ ಹಳೆಯ ಮೈಸೂರು ಚಿತ್ರಗಳುಂಟಲ್ಲವೆ? ಹಬ್ಬದ ದಿನ ಅಂತಹ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಕದಡೀತು, ಚಿನ್ನದ ರೇಕು ಎದ್ದೀತು. ಎಣ್ಣೆ, ವಾರ್ನಿಷುಗಳನ್ನಂತೂ ಸೋಕಿಸಲೇಬಾರದು. ಚಿತ್ರವನ್ನು ಬಿಸಿಲು, ತೇವಗಳಿಂದ ದೂರವಿರಿಸಿ ಬಲ್ಲವರನ್ನು ಕೇಳುವುದೇ ಲೇಸು. 1976ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವು ಮೈಸೂರಿನಲ್ಲಿಯೇ ಇದೆ. 1984ರಲ್ಲಿ ಆರಂಭವಾದ ಇಂಟ್ಯಾಕ್ ಸಂಸ್ಥೆಯ ಕಲಾಸಂರಕ್ಷಣಾ ಕೇಂದ್ರವೊಂದು ಬೆಂಗಳೂರಿನಲ್ಲಿದೆ.

ಇದನ್ನೇ ವೃತ್ತಿಯಾಗಿಸಿಕೊಳ್ಳಬಯಸುವ ವಿದ್ಯಾರ್ಥಿಗಳು ಏನು ಓದಬೇಕು? ರಸಾಯನವಿಜ್ಞಾನದ ಪದವಿ ಒಳ್ಳೆಯ ಅಡಿಪಾಯ. ಅದರೊಡನೆ ಕಲೆಯ ಇತಿಹಾಸದ ಪರಿಚಯವೂ ಚಿತ್ರ ಬರೆದು ಪಳಗಿದ ಕೈಯೂ ಬೇಕು. 1989ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಈಗ ಭಾರತೀಯ ಪರಂಪರಾ ಸಂಸ್ಥೆಯೆಂದು ಹೆಸರಾಗಿರುವ ವಿದ್ಯಾಲಯದಲ್ಲಿ ಸಂರಕ್ಷಣೆಯ ಸ್ನಾತಕೋತ್ತರ ಶಿಕ್ಷಣವುಂಟು. ಅನಂತರ ವಸ್ತುಸಂಗ್ರಹಾಲಯಗಳು, ಡೆಹರಾಡೂನಿನಲ್ಲಿ ಕೇಂದ್ರವುಳ್ಳ ಪುರಾತತ್ತ್ವ ಇಲಾಖೆಯ ವಿಜ್ಞಾನ ಶಾಖೆ, ಖಾಸಗಿ ಪ್ರಯೋಗಾಲಯಗಳು ಇವುಗಳತ್ತ ದಾರಿಯಿದೆ. ಹುದ್ದೆಗಳು ಹೇರಳವಾಗಿಲ್ಲ, ಅನುಭವಿಗಳ ಬಳಿ ವರ್ಷಗಟ್ಟಲೆ ದುಡಿದು ಕಲಿಯುವ ತಾಳ್ಮೆಯೂ ಅಗತ್ಯ.

ಈ ವಿದ್ಯೆಯಲ್ಲಿ ಕೆಲಸಗಾರನ ಹೆಸರು ಎಲ್ಲಿಯೂ ಕಾಣುವುದಿಲ್ಲ. ನೋಡುವವರ ಕಣ್ಣಿಗೆ ಮೂಲ ಕಲಾವಿದನೊಬ್ಬನೇ ಕಂಡರೆ ಸಂರಕ್ಷಕನ ಶ್ರಮ ಸಾರ್ಥಕವಾಯಿತೆಂದೇ ಅರ್ಥ.