ಹಾಲಿನ ಶುದ್ಧಿ ಗೋದಲಿಯಿಂದ ಆರಂಭವಾಗಲಿ

ಎದೆಹಾಲು ಬಿಡಿಸಿದ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ವೃದ್ಧರವರೆಗೆ ಎಲ್ಲರಿಗೂ ಸಲ್ಲುವ ಆಹಾರವೆಂದು ನಾವು ಹಾಲನ್ನು ನಂಬಿಕೊಂಡು ಬಂದಿದ್ದೇವೆ. ಆ ನಂಬಿಕೆಗೆ ಎಲ್ಲಿ ಚ್ಯುತಿ ಬಂದೀತೋ ಎಂಬ ಅಳುಕೂ ನಮ್ಮ ಗೃಹಿಣಿಯರಿಗೆ ಇದ್ದೇ ಇದೆ. ಹಾಲಿಗೆ ನೀರು ಬೆರೆಸಿದ್ದಾರೆಯೆ, ಯೂರಿಯಾ ಹಾಕಿದ್ದಾರೆಯೆ, ಸೋಪಿನ ಪುಡಿ ಸೇರಿಸಿದ್ದಾರೆಯೆ ಎಂಬ ಸಂಶಯ ಪಾತ್ರೆ ಒಲೆಗೇರುವ ಮೊದಲೇ ಮನಸ್ಸಿಗೆ ಬರುತ್ತದೆ. ಆದರೆ ನಮ್ಮ ಸಂಶಯದ ಕಣ್ಣು ಹಾಲು ಮಾರುವವನ ಕೈಯ ಮೇಲೆಯೇ ನೆಟ್ಟಿರುವಾಗ, ಅಪಾಯವು ಬೇರೊಂದು ದಾರಿಯಿಂದ ಒಳಬರುತ್ತಿದೆಯೆಂಬುದು ಅನೇಕರಿಗೆ ತಿಳಿಯದು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ರಾಷ್ಟ್ರವ್ಯಾಪಿಯಾದ ಹಾಲಿನ ಸಮೀಕ್ಷೆಯೊಂದನ್ನು ನಡೆಸಿತು. 1,103 ನಗರ ಪಟ್ಟಣಗಳಿಂದ 6,432 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಲಾಯಿತು. ಆರೋಗ್ಯಕ್ಕೆ ಹಾನಿ ಮಾಡುವಂತಹ ಕಲಬೆರಕೆ ಕಂಡುಬಂದದ್ದು ಕೇವಲ 12 ಮಾದರಿಗಳಲ್ಲಿ. ಆದರೆ 368 ಮಾದರಿಗಳಲ್ಲಿ, ಎಂದರೆ ಶೇಕಡಾ 5.7ರಷ್ಟರಲ್ಲಿ, 'ಅಫ್ಲಾಟಾಕ್ಸಿನ್ ಎಂ-1' ಎಂಬ ವಿಷಾಂಶವು ಮಿತಿಯನ್ನು ಮೀರಿತ್ತು. ಹಸಿ ಹಾಲಿನಲ್ಲಿ ಮಾತ್ರವಲ್ಲದೆ ಸಂಸ್ಕರಿಸಿ ಪೊಟ್ಟಣದಲ್ಲಿ ತುಂಬಿದ ಹಾಲಿನಲ್ಲಿಯೂ ಅದು ಇದ್ದಿತು. ಈ ವಿಷವನ್ನು ಯಾರೂ ಹಾಲಿಗೆ ಬೆರೆಸಿದ್ದಲ್ಲ. ಹಸು ತಿಂದ ಹಿಂಡಿಯ ಮೂಲಕ, ಮೇವಿನ ಮೂಲಕ, ಅದು ಕೆಚ್ಚಲಿಗೆ ಇಳಿದು ಬಂದದ್ದು.

ವಾಚಕ ಬಂಧುಗಳು ಗಾಬರಿಗೊಳ್ಳಬೇಕಾಗಿಲ್ಲ. ಅದೇ ಸಮೀಕ್ಷೆಯಲ್ಲಿ ಶೇಕಡಾ 93ರಷ್ಟು ಮಾದರಿಗಳು ಸೇವನೆಗೆ ಸುರಕ್ಷಿತವೆಂದು ಕಂಡುಬಂದವು. ಮಕ್ಕಳಿಗೆ ಹಾಲು ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಹಾಲಿನ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದೇ ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆ.

ಟರ್ಕಿ ಕೋಳಿಗಳು ಕಲಿಸಿದ ಪಾಠ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುಬಿದ್ದವು. ರೋಗದ ಹೆಸರು ಯಾರಿಗೂ ಹೊಳೆಯದೆ ಅದನ್ನು 'ಟರ್ಕಿ ಎಕ್ಸ್ ರೋಗ'ವೆಂದು ಕರೆದರು. ಶೋಧಿಸುತ್ತ ಹೋದಾಗ ಅವು ತಿಂದ ಆಹಾರದಲ್ಲಿ ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿ ಇದ್ದುದು ಗೊತ್ತಾಯಿತು. ಆ ಹಿಂಡಿಯಲ್ಲಿ 'ಆಸ್ಪರ್ಜಿಲಸ್ ಫ್ಲೇವಸ್' ಎಂಬ ಬೂಷ್ಟು ಬೆಳೆದು ವಿಷವನ್ನು ಸ್ರವಿಸಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಇದರಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಬಿ-1 ಎಂಬುದು ಅತ್ಯಂತ ಘೋರವಾದದ್ದು. ಮುಂದೆ 1963ರಲ್ಲಿ, ವಿಷಪೂರಿತ ಹಿಂಡಿಯನ್ನು ತಿಂದ ಹಸುಗಳ ಹಾಲಿನಲ್ಲಿಯೂ ವಿಷಾಂಶವಿರುವುದನ್ನು ವಿಜ್ಞಾನಿಗಳು ಕಂಡುಕೊಂಡರು.

ಇದು ಪರದೇಶದ ಕಥೆಯೆಂದು ಭಾವಿಸಬಾರದು. 1974ರಲ್ಲಿ ನಮ್ಮ ದೇಶದ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ಸಿಕ್ಕಿ ಮುಗ್ಗಿದ ಮೆಕ್ಕೆಜೋಳವನ್ನು ಉಂಡ ಜನರಿಗೆ ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅದೇ ಅನ್ನವನ್ನು ತಿಂದ ಮನೆಯ ನಾಯಿಗಳೂ ಸತ್ತವು. ಇಷ್ಟು ದೊಡ್ಡ ಪ್ರಮಾಣದ ವಿಷವು ಕೂಡಲೇ ಯಕೃತ್ತನ್ನು ಕೆಡಿಸುತ್ತದೆ. ಸಣ್ಣ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ದೇಹಕ್ಕೆ ಸೇರಿದರೆ ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹೆಪಟೈಟಿಸ್-ಬಿ ಸೋಂಕು ಇದ್ದವರಿಗಂತೂ ಈ ಅಪಾಯ ಬಹುಪಾಲು ಹೆಚ್ಚು.

ಹಿಂಡಿಯಿಂದ ಹಾಲಿಗೆ

ಹಸುವಿನ ಹೊಟ್ಟೆ ಸೇರಿದ ಬಿ-1 ವಿಷವನ್ನು ಅದರ ಯಕೃತ್ತು ಎಂ-1 ಆಗಿ ಮಾರ್ಪಡಿಸುತ್ತದೆ. ಇದರ ಒಂದು ಭಾಗ ಹಾಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ ತಿಂದ ವಿಷದಲ್ಲಿ ಶೇಕಡಾ 1ರಿಂದ 2ರಷ್ಟು ಹಾಲಿಗೆ ಬರುವುದುಂಟು. ಹೆಚ್ಚು ಹಾಲು ಕರೆಯುವ ಹಸುಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಾಗಿರುತ್ತದೆ. ಹಸು ಕೆಟ್ಟ ಹಿಂಡಿಯನ್ನು ತಿಂದ ಒಂದು ದಿನದೊಳಗೇ ಹಾಲಿನಲ್ಲಿ ವಿಷ ಕಾಣಿಸಿಕೊಳ್ಳುತ್ತದೆ. ಆ ಹಿಂಡಿಯನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ಮತ್ತೆ ತಿಳಿಯಾಗುತ್ತದೆ. ಈ ಎರಡನೆಯ ಮಾತು ನಮಗೆ ಭರವಸೆ ಕೊಡುವಂಥದು. ಗೋದಲಿಯನ್ನು ಸರಿಪಡಿಸಿದರೆ ಹಾಲು ವಾರದೊಳಗೆ ಸರಿಹೋಗುತ್ತದೆ.

ಒಂದು ಲೆಕ್ಕವನ್ನು ನೋಡೋಣ. ನಮ್ಮ ದೇಶದಲ್ಲಿ ಹಾಲಿಗೆ ವಿಧಿಸಿರುವ ಮಿತಿ ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ದಿನಕ್ಕೆ ಐದು ಕಿಲೋ ಹಿಂಡಿ ತಿಂದು ಹತ್ತು ಲೀಟರು ಹಾಲು ಕೊಡುವ ಹಸುವಿಗೆ, ಕಿಲೋಗೆ 100 ಮೈಕ್ರೋಗ್ರಾಂ ವಿಷವಿರುವ ಹಿಂಡಿಯನ್ನು ಇಟ್ಟರೆ, ದಿನಕ್ಕೆ 500 ಮೈಕ್ರೋಗ್ರಾಂ ಅದರ ಹೊಟ್ಟೆ ಸೇರಿತು. ಅದರಲ್ಲಿ ಶೇಕಡಾ 2 ಹಾಲಿಗೆ ಬಂದರೂ ಲೀಟರಿಗೆ ಒಂದು ಮೈಕ್ರೋಗ್ರಾಂ ಆಯಿತು. ಎಂದರೆ ಮಿತಿಯ ಎರಡರಷ್ಟು. ಅದೇ ಹಿಂಡಿಯಲ್ಲಿ ವಿಷವು ಕಿಲೋಗೆ 20 ಮೈಕ್ರೋಗ್ರಾಮಿನೊಳಗೆ ಇದ್ದರೆ ಹಾಲು ಮಿತಿಯೊಳಗೇ ಉಳಿಯುತ್ತದೆ. ಪಶು ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ ತನ್ನ ಐ.ಎಸ್. 2052 ಎಂಬ ಮಾನಕದಲ್ಲಿ ನಿಗದಿಪಡಿಸಿರುವ ಮಿತಿಯೂ ಈ 20 ಮೈಕ್ರೋಗ್ರಾಮೇ ಆಗಿದೆ.

ಹಾಲನ್ನು ಮೂರು ಬಾರಿ ಉಕ್ಕಿಸಿದರೆ ಎಲ್ಲ ದೋಷವೂ ಪರಿಹಾರವಾಗುವುದೆಂದು ತಿಳಿದವರುಂಟು. ರೋಗಾಣುಗಳ ಮಟ್ಟಿಗೆ ಅದು ನಿಜ. ಆದರೆ ಅಫ್ಲಾಟಾಕ್ಸಿನ್ ಒಲೆಯ ಉರಿಗೆ ಅಳಿಯುವಂಥದಲ್ಲ, ಪಾಶ್ಚರೀಕರಣಕ್ಕೂ ಬಗ್ಗದು. ಅದು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಬೆಣ್ಣೆ ತುಪ್ಪಗಳಲ್ಲಿ ಕಡಿಮೆ. ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಮಕ್ಕಳು ಕುಡಿಯುವ ಹಾಲು ಹೆಚ್ಚು. ಆದುದರಿಂದ ಈ ವಿಷದ ಭಾರವೂ ಅವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ಕಾಯಿದೆಯ ಹೊರಗುಳಿದ ಚೀಲ

ಹೀಗಿರುವಾಗ ಸರ್ಕಾರವು ಹಿಂಡಿಯ ಚೀಲವನ್ನು ಏಕೆ ಬಿಗಿಯಾಗಿ ಪರೀಕ್ಷಿಸುವುದಿಲ್ಲವೆಂದು ಯಾರಾದರೂ ಕೇಳಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 'ಆಹಾರ' ಎಂಬ ಶಬ್ದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಪಶು ಆಹಾರವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹಾಲಿನ ಮೇಲೆ ಅಧಿಕಾರವುಳ್ಳ ಪ್ರಾಧಿಕಾರಕ್ಕೆ, ಆ ಹಾಲಿಗೆ ಮೂಲವಾದ ಹಿಂಡಿಯ ಮೇಲೆ ನೇರವಾದ ಅಧಿಕಾರವಿಲ್ಲ. ಮಾನಕ ಬ್ಯೂರೋದ ಮಿತಿಯನ್ನು ಪಾಲಿಸುವುದು ದೀರ್ಘಕಾಲ ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2018ರ ಸಮೀಕ್ಷೆಯ ಫಲಿತಾಂಶ ಹೊರಬಂದ ಬಳಿಕ, 2020ರ ಜನವರಿಯಲ್ಲಿ ಪ್ರಾಧಿಕಾರವು ವಾಣಿಜ್ಯ ಪಶು ಆಹಾರವು ಬ್ಯೂರೋದ ಮಾನಕಕ್ಕೆ ಅನುಗುಣವಾಗಿರಬೇಕೆಂದೂ, ಹಾಲು ಕೊಡುವ ಜಾನುವಾರುಗಳಿಗೆ ಮಾಂಸ ಮೂಳೆಗಳ ಪುಡಿಯಿರುವ ಆಹಾರವನ್ನು ಇಡಕೂಡದೆಂದೂ ಆದೇಶಿಸಿತು. ಆದರೆ ಮಾನಕ ಮುದ್ರೆಯ ನಿಯಮವನ್ನು ಜಾರಿಗೊಳಿಸುವ ಗಡುವು ಮುಂದಕ್ಕೆ ಹೋಯಿತು. ಇಂಥ ವಿಳಂಬದ ಬೆಲೆಯನ್ನು ತೆರುವವರು ಹಾಲು ಕುಡಿಯುವ ಮಕ್ಕಳು.

ಈ ಕಂದಕವನ್ನು ಮುಚ್ಚುವ ದಾರಿಯನ್ನು ಯುರೋಪಿನವರು ಕಷ್ಟಪಟ್ಟು ಕಲಿತರು. 1999ರಲ್ಲಿ ಬೆಲ್ಜಿಯಂ ದೇಶದಲ್ಲಿ ಪಶು ಪಕ್ಷಿಗಳ ಆಹಾರಕ್ಕೆ ಬೆರೆಸುವ ಕೊಬ್ಬಿನೊಡನೆ ಕೈಗಾರಿಕೆಯ ವಿಷಕಾರಿ ಎಣ್ಣೆ ಸೇರಿಹೋಗಿ, ಡಯಾಕ್ಸಿನ್ ಎಂಬ ಭಯಂಕರ ವಿಷವು ಕೋಳಿಗಳಿಗೂ ಮೊಟ್ಟೆಗಳಿಗೂ ಹರಡಿತು. ಸುದ್ದಿ ಹೊರಬಿದ್ದಾಗ ಆರೋಗ್ಯ ಮತ್ತು ಕೃಷಿ ಸಚಿವರಿಬ್ಬರೂ ರಾಜೀನಾಮೆ ಕೊಡಬೇಕಾಯಿತು. ಮರುವರ್ಷವೇ ಅಲ್ಲಿ ಆಹಾರ ಸುರಕ್ಷತೆಗೆಂದು ಪ್ರತ್ಯೇಕ ಸಂಸ್ಥೆ ಸ್ಥಾಪನೆಗೊಂಡಿತು. 2002ರಲ್ಲಿ ಯುರೋಪು ಮಾಡಿಕೊಂಡ ಸಾಮಾನ್ಯ ಆಹಾರ ಕಾಯಿದೆಯಲ್ಲಿ ಮನುಷ್ಯನ ಆಹಾರಕ್ಕೂ ಪಶುವಿನ ಆಹಾರಕ್ಕೂ ಒಂದೇ ಚೌಕಟ್ಟು. ಪ್ರತಿಯೊಬ್ಬ ವ್ಯಾಪಾರಿಯೂ ತಾನು ಸರಕನ್ನು ಯಾರಿಂದ ಕೊಂಡೆ, ಯಾರಿಗೆ ಮಾರಿದೆ ಎಂಬುದಕ್ಕೆ ದಾಖಲೆ ಇಡಲೇಬೇಕು. 2013ರಲ್ಲಿ ಸರ್ಬಿಯಾದಿಂದ ಬಂದ ಬೂಷ್ಟು ಹಿಡಿದ ಮೆಕ್ಕೆಜೋಳವು ಜರ್ಮನಿಯ ಪಶು ಆಹಾರದಲ್ಲಿ ಸೇರಿದಾಗ, ಅದು ತಲುಪಿದ ಸಾವಿರಾರು ಕೊಟ್ಟಿಗೆಗಳನ್ನು ಗುರುತಿಸಲು ಸಾಧ್ಯವಾದದ್ದು ಈ ದಾಖಲೆಗಳ ಬಲದಿಂದಲೇ.

ಪರೀಕ್ಷೆ ಎಂದರೆ ಸುಲಭವಲ್ಲ

ಅಫ್ಲಾಟಾಕ್ಸಿನ್ ಹಿಂಡಿಯಲ್ಲಿ ಎಲ್ಲೆಡೆಯೂ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಶೇಂಗಾ ಕಾಳುಗಳಲ್ಲಿ ಹತ್ತಿಪ್ಪತ್ತು ಕೆಟ್ಟಿದ್ದರೂ ಇಡೀ ರಾಶಿ ವಿಷವಾಗಬಹುದು. ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ವಿಷ ತಪ್ಪಿಸಿಕೊಳ್ಳುವ ಸಂಭವವೇ ಹೆಚ್ಚು. ಅನೇಕ ಚೀಲಗಳ ಮೇಲೆ, ನಡುವೆ, ತಳದಲ್ಲಿ ಸ್ವಲ್ಪ ಸ್ವಲ್ಪ ತೆಗೆದು, ಅದನ್ನೆಲ್ಲ ಒಟ್ಟಿಗೆ ಬೀಸಿ, ಚೆನ್ನಾಗಿ ಕಲಸಿ, ಅದರಲ್ಲೊಂದು ಪಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಪರೀಕ್ಷೆಯಲ್ಲಿ ಆಗುವ ಹೆಚ್ಚಿನ ತಪ್ಪುಗಳು ಯಂತ್ರದಿಂದಲ್ಲ, ಮಾದರಿ ತೆಗೆಯುವ ಕೈಯಿಂದ ಆಗುತ್ತವೆ. ಎಲೈಸಾ ಪರೀಕ್ಷೆಯೂ, ಕೆಲವೇ ನಿಮಿಷಗಳಲ್ಲಿ ಫಲಿತಾಂಶ ತೋರಿಸುವ ಕಾಗದದ ಪಟ್ಟಿಗಳೂ ಇಂದು ದೊರೆಯುತ್ತವೆ. ಹೈದರಾಬಾದಿನ ಬಳಿ ಪತಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಕಡಿಮೆ ವೆಚ್ಚದ ಎಲೈಸಾ ವಿಧಾನವನ್ನು ರೂಪಿಸಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ. ನಮ್ಮ ರಾಜ್ಯದ ಹಾಲು ಮಹಾಮಂಡಳಿಯು ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರಗಳಲ್ಲಿ ತನ್ನದೇ ಪಶು ಆಹಾರ ಘಟಕಗಳನ್ನು ಹೊಂದಿದೆ. ವಿದ್ಯೆಗೂ ಸಾಧನಕ್ಕೂ ನಮ್ಮಲ್ಲಿ ಕೊರತೆಯಿಲ್ಲ.

ಕೊರತೆಯಿರುವುದು ವ್ಯವಸ್ಥೆಯಲ್ಲಿ. ಹಳ್ಳಿಯ ಡೇರಿಯಲ್ಲಿ ರೈತನ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡಿನ ಮತ್ತು ಇತರ ಘನಾಂಶದ ಮೇಲೆ. ಒಳ್ಳೆಯ ಹಿಂಡಿಗೆ ಹೆಚ್ಚು ಹಣ ಕೊಟ್ಟ ರೈತನಿಗೂ, ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದ ರೈತನಿಗೂ ದೊರೆಯುವ ದರ ಒಂದೇ. ನೂರು ಮನೆಗಳ ಹಾಲು ಒಂದೇ ಟ್ಯಾಂಕರಿಗೆ ಸೇರಿದ ಮೇಲೆ ವಿಷ ಯಾವ ಕೊಟ್ಟಿಗೆಯಿಂದ ಬಂದಿತೆಂದು ಹೇಳುವುದೂ ಅಸಾಧ್ಯ. ಆದುದರಿಂದಲೇ ಪರೀಕ್ಷೆಯು ಹಿಂಡಿ ತಯಾರಾಗುವ ಗಿರಣಿಯಲ್ಲಿ, ಮಾರಾಟವಾಗುವ ಅಂಗಡಿಯಲ್ಲಿ ನಡೆಯಬೇಕು. ಸಂಘದ ಸದಸ್ಯರು ವಾರ್ಷಿಕ ಸಭೆಯಲ್ಲಿ ಲಾಭಾಂಶದ ಲೆಕ್ಕ ಕೇಳುವಂತೆಯೇ, ಸಂಘ ಮಾರುವ ಹಿಂಡಿಯ ಪರೀಕ್ಷಾ ವರದಿಯನ್ನೂ ಕೇಳಬೇಕೆಂದು ನಮ್ಮ ಅಭಿಪ್ರಾಯ.

ಮನೆಯಲ್ಲಿ ವಹಿಸಬೇಕಾದ ಎಚ್ಚರ

ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. ಬಯಲುಸೀಮೆಯ ಶೇಂಗಾ, ಹಾವೇರಿ ದಾವಣಗೆರೆ ಕಡೆಯ ಮೆಕ್ಕೆಜೋಳ, ಹತ್ತಿಕಾಳಿನ ಹಿಂಡಿ, ಇವೆಲ್ಲವೂ ಈ ಬೂಷ್ಟಿಗೆ ಪ್ರಿಯವಾದವು. ಕಾಯಿ ಕಟ್ಟುವಾಗ ಬರ, ಒಕ್ಕಲಿನ ಹೊತ್ತಿಗೆ ಮಳೆ ಬಂದ ವರ್ಷ ವಿಶೇಷ ಎಚ್ಚರ ಬೇಕು. ಶೇಂಗಾವನ್ನೂ ಜೋಳವನ್ನೂ ಚೆನ್ನಾಗಿ ಒಣಗಿಸದೆ ಚೀಲಕ್ಕೆ ತುಂಬಬಾರದು. ಹಿಂಡಿಯ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸಾಲುವಷ್ಟು ಕೊಂಡು ಕೂಡಿಡಬಾರದು. ಮಾನಕ ಮುದ್ರೆ, ತಯಾರಾದ ದಿನಾಂಕ, ತಂಡದ ಸಂಖ್ಯೆ ಇರುವ ಚೀಲವನ್ನೇ ಕೊಳ್ಳಬೇಕು. ಗಂಟುಕಟ್ಟಿದ, ಮುಗ್ಗಲು ವಾಸನೆಯ ಹಿಂಡಿಯನ್ನು ಒಳ್ಳೆಯದರೊಡನೆ ಬೆರೆಸಿ ಖರ್ಚು ಮಾಡುವ ಯೋಚನೆ ಬೇಡ. ಬೂಷ್ಟನ್ನು ಒರೆಸಿ ಬಿಸಿಲಿಗೆ ಹಾಕಿದರೆ ಬೂಷ್ಟು ಹೋದೀತು, ಅದು ಬಿಟ್ಟ ವಿಷ ಹೋಗದು.

ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗಬೇಕಾದದ್ದು ಒಂದು ರೂಢಿ. ಹಳಸಿದ ರೊಟ್ಟಿ, ಹುಳ ಬಿದ್ದ ಜೋಳ, ಬೂಷ್ಟು ಹಿಡಿದ ಶೇಂಗಾ ಕಂಡಾಗ 'ನಮಗೆ ಬೇಡ, ದನಕ್ಕೆ ಹಾಕಿರಿ' ಎನ್ನುವುದು ಅನೇಕ ಮನೆಗಳಲ್ಲಿ ಸಹಜವಾದ ಮಾತು. ಅನ್ನವನ್ನು ಚೆಲ್ಲಬಾರದೆಂಬ ಸದ್ಭಾವನೆ ಅದರ ಹಿಂದಿದೆ. ಆದರೆ ನಾವು ಉಣ್ಣಲು ಹೇಸಿದ್ದನ್ನು ಹಸು ನಮಗಾಗಿ ಉಂಡು, ಮರುದಿನ ಬೆಳಗಿಗೆ ನಮ್ಮ ಮಗುವಿನ ಲೋಟಕ್ಕೇ ಹಿಂದಿರುಗಿಸುತ್ತದೆ. ಮೂಕಪ್ರಾಣಿಯ ಆರೋಗ್ಯವೂ ಅದರಿಂದ ಕುಗ್ಗುತ್ತದೆ. ಹಾಲು ಇಳಿಯುತ್ತದೆ, ಎಳೆಗರುಗಳು ಸೊರಗುತ್ತವೆ. ಬೂಷ್ಟು ಹಿಡಿದದ್ದನ್ನು ಗೋದಲಿಗೆ ಹಾಕದೆ ಮಣ್ಣಿನಲ್ಲಿ ಹೂಳುವುದೇ ಲೇಸು. ಮನುಷ್ಯನಿಗೆ ಸಲ್ಲದ್ದು ಹಸುವಿಗೂ ಸಲ್ಲದೆಂಬ ತಿಳಿವಳಿಕೆ ಮೊದಲು ಅಡುಗೆಮನೆಗೆ ಬಂದರೆ, ಅದು ಕಾಯಿದೆಯ ಪುಸ್ತಕಕ್ಕೂ ತಲುಪುವ ದಿನ ದೂರವಿರಲಾರದು.