ಹದಿಹರೆಯದ ಮಕ್ಕಳಿಗೂ ರಕ್ತದ ಒತ್ತಡ



ಗೇಟ್ ವಾಲ್ವ್ ಮುಚ್ಚಿರುವುದನ್ನು ಮರೆತು ಪಂಪು ಓಡಿಸಿದರೆ ಪೈಪಿನ ಜೋಡಣೆ ಬಿಚ್ಚಿಕೊಂಡು ನೀರು ಚಿಮ್ಮುತ್ತದೆ. ಒತ್ತಡ ಹೆಚ್ಚಾದುದು ನಿಮಗೆ ಕೂಡಲೇ ತಿಳಿಯುತ್ತದೆ. ರಕ್ತನಾಳಗಳಲ್ಲಿ ಒತ್ತಡ ಹೆಚ್ಚಾದರೆ ಹಾಗೆ ತಿಳಿಯುವುದಿಲ್ಲ. ಬಹುಪಾಲು ಮಕ್ಕಳಲ್ಲಿ ತಲೆನೋವಾಗಲಿ ತಲೆಸುತ್ತಾಗಲಿ ಇರುವುದಿಲ್ಲ. ಆದರೆ ಒಳಗೆ ಹೃದಯದ ಸ್ನಾಯು ದಪ್ಪವಾಗುತ್ತಾ, ರಕ್ತನಾಳಗಳು ಪೆಡಸಾಗುತ್ತಾ ಹೋಗಬಹುದು.

ಬಿ.ಪಿ. ಎಂದರೆ ಮುದುಕರ ಕಾಯಿಲೆ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಇದೆ. 2016-18ರಲ್ಲಿ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ನೂರಕ್ಕೆ ಸುಮಾರು 5 ಮಂದಿಗೆ ಅಧಿಕ ರಕ್ತದೊತ್ತಡ ಕಂಡುಬಂದಿದೆ. ಈ ವಯಸ್ಸಿನಲ್ಲಿ ಏರಿದ ಒತ್ತಡ ಮುಂದೆಯೂ ಉಳಿಯುವ ಸಂಭವ ಹೆಚ್ಚು.

ತಂದೆತಾಯಿಗೆ ಬಿ.ಪಿ. ಇರುವುದು, ಮಗು ಕಡಿಮೆ ತೂಕದಲ್ಲಿ ಹುಟ್ಟಿರುವುದು, ಇವು ನಮ್ಮ ಕೈ ಮೀರಿದ ಕಾರಣಗಳು. ನಮ್ಮ ಕೈಯಲ್ಲಿರುವವುಗಳಲ್ಲಿ ಮುಖ್ಯವಾದುದು ಮೈತೂಕ. ಟ್ರ್ಯಾಕ್ಟರ್ ಬಂದ ಮೇಲೆ ಹುಡುಗರಿಗೆ ಹೊಲದ ದುಡಿಮೆ ಇಲ್ಲ, ಅಂಗಡಿಗೆ ಹೋಗಲೂ ಮೋಟಾರ್ ಸೈಕಲ್ ಬೇಕು, ರಾತ್ರಿ ಹನ್ನೊಂದಾದರೂ ಮೊಬೈಲು. ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಲಿ, ದುಡಿಯಲಿ. ಬೀಡಿ, ಸಿಗರೇಟು, ತಂಬಾಕು ಜಗಿಯುವ ಚಟ ಯಾವುದೂ ಬೇಡ.

ಇನ್ನು ಉಪ್ಪಿನ ವಿಚಾರ. ಉಪ್ಪಿಗೆ ನೀರನ್ನು ಹಿಡಿದಿಡುವ ಗುಣವಿದೆ. ಚೌಳು ನೆಲದಲ್ಲಿ ತೇವವಿದ್ದರೂ ಪೈರು ಬಾಡುವುದು ಇದರಿಂದಲೇ. ಶರೀರದಲ್ಲಿಯೂ ಹೆಚ್ಚಿನ ಉಪ್ಪು ನೀರನ್ನು ಹಿಡಿದಿಟ್ಟು, ರಕ್ತದ ಪ್ರಮಾಣ ಹೆಚ್ಚಿಸಿ, ಒತ್ತಡವನ್ನು ಏರಿಸುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅವರ ಆಹಾರಕ್ಕೆ ತಕ್ಕಂತೆ ಇನ್ನೂ ಕಡಿಮೆ. ಐದು ಜನರ ಮನೆಗೆ ತಿಂಗಳಿಗೆ 750 ಗ್ರಾಂ ಎಂದಾಯಿತು. ಇದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚಿಪ್ಸ್, ಮಿಕ್ಸ್ಚರ್ ಎಲ್ಲವೂ ಸೇರಿದೆ. ದನದ ಕಲಗಚ್ಚಿಗೆ ಹಾಕುವುದನ್ನು ಬೇರೆ ತೆಗೆದಿಟ್ಟು, ಅಡುಗೆಗೆ ತಿಂಗಳಿಗೆ ಎಷ್ಟು ಪೊಟ್ಟಣ ಖರ್ಚಾಗುತ್ತದೆಂದು ಮನೆಯವರನ್ನು ಕೇಳಿ ನೋಡಿ. ಹಾಗೆಂದು ಅಯೋಡಿನ್ ಉಪ್ಪನ್ನು ಬಿಡಬೇಡಿ, ಪ್ರಮಾಣ ಇಳಿಸಿ.

ಬೆಳೆಗೆ ಪೊಟ್ಯಾಷ್ ಹಾಕಲು ಮರೆಯದ ನಾವು ಮಕ್ಕಳ ಊಟದಲ್ಲಿ ಅದನ್ನು ಮರೆಯುತ್ತೇವೆ. ಸೊಪ್ಪು, ಕಾಳು, ಬಾಳೆಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಉಪ್ಪಿನ ದುಷ್ಪರಿಣಾಮವನ್ನು ತಗ್ಗಿಸುತ್ತದೆ. ಬೆಳೆದ ಸೊಪ್ಪನ್ನೆಲ್ಲ ಸಂತೆಗೆ ಸಾಗಿಸಿ, ಬರುವಾಗ ಮಕ್ಕಳಿಗೆ ಚಿಪ್ಸ್ ಪೊಟ್ಟಣ ತರುವುದು ಯಾವ ಲೆಕ್ಕದಲ್ಲಿ ಲಾಭವೋ ನನಗೆ ತಿಳಿಯದು. ಮೂತ್ರಪಿಂಡದ ತೊಂದರೆ ಇರುವ ಮಕ್ಕಳಿಗೆ ಮಾತ್ರ ಈ ಆಹಾರವನ್ನು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಒತ್ತಡ ಇದೆಯೋ ಇಲ್ಲವೋ ಎಂಬುದು ಅಳೆದರಷ್ಟೇ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಸಿ. ಐದು ನಿಮಿಷ ಸುಮ್ಮನೆ ಕುಳಿತ ಬಳಿಕ ಅಳೆಯಬೇಕು. ತೋಳಿಗೆ ಸುತ್ತುವ ಪಟ್ಟಿ ತೋಳಿನ ಗಾತ್ರಕ್ಕೆ ಸರಿಹೊಂದಬೇಕು. ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. 13 ವರ್ಷ ತುಂಬಿದವರಲ್ಲಿ 120/80ಕ್ಕಿಂತ ಕಡಿಮೆ ಇದ್ದರೆ ಸರಿ. ಮೇಲಿನ ಅಂಕಿ 130 ಅಥವಾ ಕೆಳಗಿನದು 80 ಮುಟ್ಟಿದರೆ ಬೇರೆ ಬೇರೆ ದಿನ, ಒಟ್ಟು ಮೂರು ಸಲ ಅಳೆದು ನಿರ್ಧರಿಸುತ್ತಾರೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ವಯಸ್ಸು, ಎತ್ತರ ನೋಡಿ ಹೇಳುವ ಕೋಷ್ಟಕವಿದೆ.

ಒತ್ತಡ ಇದೆಯೆಂದು ಖಚಿತವಾದರೆ ವೈದ್ಯರು ಮೂತ್ರ, ರಕ್ತ ಪರೀಕ್ಷೆ ಮಾಡಿಸಿ ಮೂತ್ರಪಿಂಡದ ದೋಷವಿದೆಯೇ ಎಂದು ನೋಡುತ್ತಾರೆ. ಅಜ್ಜನ ಬಿ.ಪಿ. ಮಾತ್ರೆಯಲ್ಲಿ ಅರ್ಧ ಮುರಿದು ಮೊಮ್ಮಗನಿಗೆ ಕೊಡುವ ಕೆಲಸವನ್ನು ಮಾತ್ರ ಮಾಡಬೇಡಿ.